ಎದುರು ಬದುರು ಎರಡು ಮಣೆ

ಹೋದ ವಾರ ಮಾರೇನಹಳ್ಳಿಯ ಒಳರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಮಳೆ ಹಿಡಿಯಿತು. ಕೈಯಲ್ಲಿ ಕೊಡೆ ಇರಲಿಲ್ಲ. ನನ್ನ ಕೊಡೆ ಯಾವಾಗಲೂ ನಾನಿಲ್ಲದ ಕಡೆಯೇ ಇರುತ್ತದೆ. ಪೂಜಾ ಸಾಮಾನಿನ ಅಂಗಡಿಯೊಂದರ ತಗಡಿನ ಮಾಡಿನ ಕೆಳಗೆ ಓಡಿ ನಿಂತೆ. ಆ ತಗಡಿಗೆ ಒಂದು ತೂತು. ಅದರಿಂದ ತೊಟ್ಟಿಕ್ಕುತ್ತಿದ್ದ ನೀರು ನೇರವಾಗಿ ಬುಟ್ಟಿಯಲ್ಲಿ ಜೋಡಿಸಿಟ್ಟಿದ್ದ ವಿಭೂತಿ ಗಟ್ಟಿಗಳ ಮೇಲೆ ಬೀಳುತ್ತಿತ್ತು. ಅಂಗಡಿಯವರು "ಅಯ್ಯಯ್ಯೋ" ಎಂದು ಬುಟ್ಟಿ ಎಳೆದುಕೊಳ್ಳುವಷ್ಟರಲ್ಲಿ ನಾಲ್ಕೈದು ಗಟ್ಟಿ ನೆನೆದುಹೋಗಿದ್ದವು.

ಒದ್ದೆ ವಿಭೂತಿಗೆ ಒಂದು ವಾಸನೆ ಇದೆ. ಸ್ವಲ್ಪ ಬೂದಿ, ಸ್ವಲ್ಪ ಕೊಟ್ಟಿಗೆ, ಸ್ವಲ್ಪ ಮೊದಲ ಮಳೆಯ ನೆಲ. ನಾನು ಹುಟ್ಟಿ ಬೆಳೆದದ್ದು ಇದೇ ಮಾರೇನಹಳ್ಳಿಯ ಒಕ್ಕಲು ಮನೆಯಲ್ಲಿ. ಹಣೆಗೆ ಕುಂಕುಮ, ಭಾನುವಾರಕ್ಕೆ ಕೋಳಿ ಸಾರು, ಅಷ್ಟೇ ನಮ್ಮ ಆಚಾರ. ಆ ವಾಸನೆಯನ್ನು ನಾನು ಕಲಿತದ್ದು ಬೇರೆಯವರ ಮನೆಯಲ್ಲಿ, ಒಂದೇ ಒಂದು ಮಳೆಗಾಲದಲ್ಲಿ. ಮಳೆ ನಿಂತ ಮೇಲೂ ನಾನು ಅಲ್ಲೇ ನಿಂತಿದ್ದೆ. "ಏನ್ ಬೇಕಿತ್ತಕ್ಕ?" ಎಂದು ಅಂಗಡಿಯವರು ಕೇಳಿದಾಗ ಒಂದು ಗಟ್ಟಿ ಕೊಂಡುಕೊಂಡೆ. ಯಾಕೆ ಕೊಂಡೆನೋ ಗೊತ್ತಿಲ್ಲ ಎಂದು ಬರೆಯಬಹುದು, ಆದರೆ ಅದು ಸುಳ್ಳಾಗುತ್ತದೆ.

ನಾಲ್ಕು ವರ್ಷದ ಹಿಂದಿನ ಆಷಾಢದಲ್ಲಿ ನಾನು ಆ ಕೆಲಸಕ್ಕೆ ಸೇರಿದೆ. ಆಷಾಢದಲ್ಲಿ ಹೊಸ ಕೆಲಸ ಹಿಡಿಯಬೇಡ ಎಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಕೊರಳಿನ ಕಾರ್ಡಿನಲ್ಲಿ 'ಸಮುದಾಯ ಸಲಹೆಗಾರ್ತಿ' ಎಂದು ಬರೆದಿತ್ತು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗಳಿಗೆ ಹೋಗಬೇಕು. ಅವರನ್ನು ನೋಡಿಕೊಳ್ಳುತ್ತಿರುವ ಹೆಂಡತಿಯೋ ಮಗನೋ ಸೊಸೆಯೋ, ಅವರ ಜೊತೆ ಕೂತು ಮಾತಾಡಬೇಕು. ಯಾವುದು ಮಾಡಬಹುದು, ಯಾವುದು ಮಾಡಬಾರದು ಎಂದು ಹೇಳಬೇಕು. ಮಾತ್ರೆ ಬರೆಯುವವರು ಡಾಕ್ಟರು. ಮಾತ್ರೆಗೆ ಸಿಗದ ಮಿಕ್ಕ ಇಪ್ಪತ್ತಮೂರೂವರೆ ಗಂಟೆ ನನ್ನ ಪಾಲು. ವಿಜಯನಗರದ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ಅಲ್ಲಿಂದ ಸ್ಕೂಟರಿನಲ್ಲಿ ಬಸವೇಶ್ವರನಗರ, ರಾಜಾಜಿನಗರ, ಒಂದೊಂದು ದಿನ ಕೆಂಗೇರಿ ಉಪನಗರದವರೆಗೂ ಹೋಗುತ್ತಿದ್ದೆ. ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರು ನನ್ನನ್ನು ಜನಗಣತಿಯವಳು ಎಂದುಕೊಂಡು ರಿಜಿಸ್ಟರು ಮುಂದೆ ತಳ್ಳುತ್ತಿದ್ದರು.

ಎಲ್ಲ ಮನೆಯಲ್ಲೂ ಮೊದಲ ಪ್ರಶ್ನೆ ಒಂದೇ: "ಇದು ಗುಣ ಆಗುತ್ತಾ ಮೇಡಂ?" ಇಲ್ಲ ಎಂದು ಹೇಳುವುದನ್ನು ನಮಗೆ ಮೂರು ವಾರದ ತರಬೇತಿಯಲ್ಲಿ ಕಲಿಸಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಆಮೇಲೆ ಒಳಗಿನಿಂದ ಕಾಫಿ ಬರುತ್ತಿತ್ತು. ಗುಣವಾಗುವುದಿಲ್ಲ ಎಂದು ಹೇಳಲು ಬಂದವಳಿಗೂ ಕಾಫಿ ಕೊಡುವ ಜನ ನಮ್ಮವರು.

ಈ ಕೆಲಸಕ್ಕೆ ಬರಲು ನನಗೊಂದು ಕಾರಣವಿತ್ತು. ನಮ್ಮಜ್ಜಿ ಕೊನೆಕೊನೆಗೆ ತನ್ನ ಮಗನನ್ನೇ "ಅಣ್ಣಾ" ಎಂದು ಕರೆಯುತ್ತಿದ್ದಳು, ಉಂಡ ತಟ್ಟೆಯನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಿದ್ದಳು. ಅರವತ್ತಕ್ಕೆ ಅರಳು ಮರಳು ಎಂದು ನಾವೆಲ್ಲ ನಕ್ಕುಬಿಟ್ಟಿದ್ದೆವು. ಅದು ಕಾಯಿಲೆ ಎಂದು ನನಗೆ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ನಕ್ಕದ್ದು ಮಾತ್ರ ಮರೆತಿರಲಿಲ್ಲ.

ಆರ್‌ಪಿಸಿ ಲೇಔಟಿನ ಆ ಮನೆಯಿಂದ ಫೋನ್ ಮಾಡಿದ್ದು ಮಗ ಮಹೇಶ. ಮಾಗಡಿ ರಸ್ತೆಯಲ್ಲಿ ಅವರದು ಪೈಪು, ನಲ್ಲಿ ಮಾರುವ ಅಂಗಡಿ. "ಮೇಡಂ, ಅಪ್ಪಾಜಿ ಊಟಾನೇ ಮಾಡ್ತಿಲ್ಲ. ಹಸಿವಿಲ್ಲ ಅಂತ ಅಲ್ಲ. ಪೂಜೆ ಆಗಿಲ್ಲ ಅಂತಾರೆ. ನೀವೊಂದ್ಸಲ ಬಂದು ನೋಡಿ," ಎಂದರು.

ಚನ್ನಬಸಪ್ಪನವರು ಹಾವೇರಿ ಕಡೆಯವರು. ಸರ್ವೆ ಇಲಾಖೆಯಲ್ಲಿದ್ದು, ಊರೂರು ಅಳೆದು, ನಿವೃತ್ತಿಯ ಹೊತ್ತಿಗೆ ಇಲ್ಲಿ ಬಂದು ನೆಲೆಸಿದವರು. ಎತ್ತರದ ಆಳು. ನಾನು ನೋಡುವ ಹೊತ್ತಿಗೆ ಅಂಗಿ ದೊಡ್ಡದಾಗಿ ಮೈ ಸಣ್ಣದಾಗಿತ್ತು. ಕೊರಳಿನಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಎಂಟು ವರ್ಷದ ಹುಡುಗನಾಗಿದ್ದಾಗ ದೀಕ್ಷೆ ಆದಾಗಿನಿಂದ ಅದು ಮೈಮೇಲಿತ್ತಂತೆ. ಲಿಂಗಪೂಜೆ ಆಗದೆ ಅವರು ಒಂದು ಗುಟುಕು ನೀರನ್ನೂ ಕುಡಿದವರಲ್ಲ. ಅಳತೆಯ ಕೆಲಸದಲ್ಲಿ ಕಾಡುಮೇಡು ಅಲೆದಾಗಲೂ ಹಳ್ಳದ ದಂಡೆಯಲ್ಲಿ ಕೂತು ಪೂಜೆ ಮಾಡಿಯೇ ಬುತ್ತಿ ಬಿಚ್ಚಿದವರು.

ಇದನ್ನೆಲ್ಲ ನನಗೆ ಹೇಳಿದವರು ಅವರ ಹೆಂಡತಿ ನೀಲವ್ವ. ಗಿಡ್ಡ ಹೆಂಗಸು, ಗಟ್ಟಿ ದನಿ. ನನ್ನ ಕೊರಳಿನ ಕಾರ್ಡು ನೋಡಿ ಶಾಲೆಯ ಟೀಚರನ್ನು ಕರೆಯುವಂತೆ "ಅಕ್ಕಾರ" ಎಂದು ಕರೆದರು.

"ಮುಂಜಾನೆ ಪೂಜಿ ಮಾಡ್ಯಾರ್ರಿ ಅಕ್ಕಾರ, ನಾಷ್ಟಾನೂ ಮಾಡ್ಯಾರ. ಮಧ್ಯಾಹ್ನ ತಾಟು ಇಟ್ರ, ನಂದಿನ್ನೂ ಪೂಜಿ ಆಗಿಲ್ಲ, ಉಣ್ಣು ಅಂತಿಯೇನು ಅಂತ ಸಿಟ್ಟಾಗ್ತಾರ. ಆಗೇತಿ ಅಂದ್ರ ಕೇಳಂಗಿಲ್ಲ. ಆತು ಮಾಡ್ರಿ ಅಂದ್ರ, ಮತ್ತ ಜಳಕ ಆಗಬೇಕು. ದಿನಕ್ಕ ಮೂರು ಸಲ, ನಾಕು ಸಲ ಜಳಕ. ಮೊನ್ನೆ ಬಚ್ಚಲದಾಗ ಜಾರಿ ಬಿದ್ರು."

ಸ್ನಾನವಾಗಿ ಪೂಜೆಗೆ ಕೂತರೂ ಸುಲಭವಿರಲಿಲ್ಲ. ವಿಭೂತಿ ಹಚ್ಚಿದ್ದು ಮರೆತು ಮತ್ತೆ ಹಚ್ಚುವರು, ನೀರೆರೆದದ್ದು ಮರೆತು ಮತ್ತೆ ಮೊದಲಿನಿಂದ ಶುರು ಮಾಡುವರು. ಒಂದೂವರೆ ತಾಸು ಹೋಗುತ್ತಿತ್ತು. ಅಷ್ಟರಲ್ಲಿ ದಣಿದು ಅಲ್ಲೇ ತೂಕಡಿಸುವರು. ಊಟ ಆರುತ್ತಿತ್ತು. ಆರಿದ್ದನ್ನು ಎರಡು ತುತ್ತು ತಿಂದು ತಳ್ಳುವರು. ನೀಲವ್ವ ಗಂಡ ಬಿಟ್ಟ ರೊಟ್ಟಿಯನ್ನು ನಿಂತುಕೊಂಡೇ ತಿಂದು ಮುಗಿಸುವರು.

ಡಾಕ್ಟರು ತೂಕ ನೋಡಿ ಮುಖ ಗಂಟಿಕ್ಕಿದ್ದರಂತೆ. ಗಣೇಶನ ಹಬ್ಬ ಕಳೆದ ಮೇಲೆ ಮತ್ತೆ ಕರೆತನ್ನಿ, ಇನ್ನೂ ಇಳಿದಿದ್ದರೆ ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದಿದ್ದರು. ನೀಲವ್ವನಿಗೆ ನಿದ್ದೆ ಕೆಡಿಸಿದ್ದು ಆ ನಳಿಗೆಯಲ್ಲ.

"ನಳಿಗಿ ಹಾಕಿದ್ರ ಕಿತ್ತಗೋತಾರ್ರಿ. ಕಿತ್ತಗೊಂಡ್ರ ಕೈ ಕಟ್ತಾರ, ಬಾಜೂ ಮನಿ ಅಜ್ಜಗ ಕಟ್ಟಿದ್ದು ನಾ ನೋಡೀನಿ. ಕೈ ಕಟ್ಟಿದ್ರ ಲಿಂಗ ಹೆಂಗ ಹಿಡೀತಾರ?" ಎಂದು ಕೇಳಿದರು.

ನನ್ನ ಬಳಿ ಉಪಾಯಗಳಿದ್ದವು. ಆಗ ನನಗೆ ಉಪಾಯಗಳ ಮೇಲೆ ಬಹಳ ನಂಬಿಕೆ. ಒಂದು ಬಿಳಿ ಬೋರ್ಡು ತಂದು ಗೋಡೆಗೆ ಹಾಕಿಸಿದೆ. ಬೆಳಗ್ಗೆ ಪೂಜೆಯಾದ ತಕ್ಷಣ ಅದರಲ್ಲಿ ದಿನಾಂಕ ಬರೆದು 'ಪೂಜೆ ಆಯಿತು' ಎಂದು ಬರೆಯಬೇಕು, ಮಧ್ಯಾಹ್ನ ತೋರಿಸಬೇಕು. ಮೊದಲ ದಿನ ಚನ್ನಬಸಪ್ಪನವರು ಕನ್ನಡಕ ಹಾಕಿಕೊಂಡು ಬೋರ್ಡನ್ನು ಪರೀಕ್ಷಿಸಿದರು.

"ಇದು ಯಾರ ಅಕ್ಷರ?"

"ನಂದ ರೀ," ಎಂದರು ನೀಲವ್ವ.

"ನೀ ಬರದ್ರ ನನ್ನ ಪೂಜಿ ಆಗೂದನು?"

ಮರುದಿನದಿಂದ ಅವರ ಕೈಯಲ್ಲೇ ಸಹಿ ಹಾಕಿಸಲು ಹೇಳಿದೆ. ಮಧ್ಯಾಹ್ನ ನಾನೇ ಎದುರಿಗಿದ್ದೆ. ಅವರು ಸಹಿಯನ್ನು ಬಹಳ ಹೊತ್ತು ನೋಡಿ, "ಸಹಿ ನಂದ ಐತಿ. ಆದ್ರ ಸ್ಥಳಕ್ಕ ಹೋಗಿ ನೋಡಿದ್ದು ನನಗ ನೆನಪಿಲ್ಲ. ನೆನಪಿಲ್ಲದ್ದಕ್ಕ ಹಾಕಿದ ಸಹಿ ಖೊಟ್ಟಿ ಸಹಿ," ಎಂದು ಬೋರ್ಡನ್ನು ಒರೆಸಿಬಿಟ್ಟರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೂ ನಗು ತಡೆಯಲಿಲ್ಲ. ಮೂವತ್ತು ವರ್ಷ ಸುಳ್ಳು ಅಳತೆಗೆ ಸಹಿ ಹಾಕದ ಮನುಷ್ಯ ನನ್ನ ಬೋರ್ಡಿಗೆ ಮಣಿಯುತ್ತಾರೆಯೇ!

ಇನ್ನು ನನ್ನ ತಪ್ಪಿನ ವಿಷಯ. ಅದೇ ತಿಂಗಳು ಬಸವೇಶ್ವರನಗರದ ಒಂದು ಮನೆಯಲ್ಲಿ ನಾನು ಗೆದ್ದು ಬಂದಿದ್ದೆ. ಅಲ್ಲಿನ ತಾತ ದಿನಾ ಸ್ಕೂಟರು ತೆಗೆಯುತ್ತೇನೆ ಎಂದು ಗಲಾಟೆ ಮಾಡುತ್ತಿದ್ದರು. ಕೀಲಿಯನ್ನು ಕಣ್ಣಿಗೆ ಬೀಳದಂತೆ ಎತ್ತಿಡಿ ಎಂದೆ. ಒಂದೇ ವಾರದಲ್ಲಿ ಅವರು ಸ್ಕೂಟರನ್ನೇ ಮರೆತರು. ಆ ಮನೆಯವರು ನನಗೆ ಕೈಮುಗಿದಿದ್ದರು. ಅದು ತಲೆಗೇರಿತ್ತು. ಕಾಣದಿದ್ದರೆ ನೆನಪಾಗುವುದಿಲ್ಲ ಎಂಬ ಸೂತ್ರ ಹಿಡಿದುಕೊಂಡು ಆರ್‌ಪಿಸಿ ಲೇಔಟಿಗೆ ಬಂದೆ.

"ಬೆಳಗಿನ ಪೂಜೆ ಆದ್ಮೇಲೆ ಕರಡಿಗೆ ತೆಗೆದು ಕಪಾಟಿನಲ್ಲಿಡಿ. ಕೈಗೆ ತಗುಲದಿದ್ರೆ ಪೂಜೆ ನೆನಪಾಗಲ್ಲ, ಮಧ್ಯಾಹ್ನ ಸುಮ್ನೆ ಊಟ ಮಾಡ್ತಾರೆ. ಸಂಜೆ ಮತ್ತೆ ಹಾಕಿ," ಎಂದೆ.

ಮಹೇಶ ತಲೆ ಕೆರೆದುಕೊಂಡರು. "ಮೇಡಂ, ಅದು ಮೈಮೇಲಿಂದ ತೆಗೀಬಾರ್ದು ಅಂತಾರೆ."

"ಕಪಾಟಿನಲ್ಲಿ ಭದ್ರವಾಗೇ ಇರುತ್ತಲ್ಲ ಸಾರ್. ಮತ್ತೆ ಬಚ್ಚಲಲ್ಲಿ ಬಿದ್ರೆ?"

ಬಚ್ಚಲು ಎಂದದ್ದೇ ಮಹೇಶ ಒಪ್ಪಿದರು. ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲೇ ನಿಂತಿದ್ದರು. ನನ್ನನ್ನು ನೋಡಿದರು, ಮಗನನ್ನು ನೋಡಿದರು. "ನೀವು ಕಲ್ತವರು," ಎಂದಷ್ಟೇ ಹೇಳಿ ಒಳಗೆ ಹೋದರು. ಅದನ್ನು ನಾನು ಒಪ್ಪಿಗೆ ಎಂದು ಬರೆದುಕೊಂಡೆ.

ಶ್ರಾವಣದ ಒಂದು ಮಂಗಳವಾರ ಸಂಜೆ ಮಹೇಶರ ಫೋನ್ ಬಂತು. ಸೋಮವಾರ ಬೆಳಗ್ಗೆ ತಂದೆ ನಾಷ್ಟಾ ಮಾಡಿ ಒರಗಿದಾಗ ಕರಡಿಗೆ ತೆಗೆದಿಟ್ಟರಂತೆ. ಎದ್ದವರು ಎದೆ ಮುಟ್ಟಿ ನೋಡಿಕೊಂಡರು. ಕೂಗಲಿಲ್ಲ, ಬೈಯಲಿಲ್ಲ. ಹಾಸಿಗೆ ಕೊಡವಿದರು, ಚಾಪೆ ಎತ್ತಿದರು, ಅಂಗಳಕ್ಕೆ ಹೋಗಿ ತುಳಸಿ ಕಟ್ಟೆಯ ಸುತ್ತ ಬಗ್ಗಿ ನೋಡಿದರು. ಆಮೇಲೆ ಬಂದು ಮಂಚದ ಮೇಲೆ ಕೂತವರು ಬಾಯಿ ಬಿಟ್ಟಿಲ್ಲ. ಸಂಜೆ ತಂದುಕೊಟ್ಟರೆ ತೆಗೆದುಕೊಳ್ಳಲಿಲ್ಲ. "ಮೇಡಂ, ನಿನ್ನೆ ಮಧ್ಯಾಹ್ನದಿಂದ ಒಂದು ತೊಟ್ಟು ನೀರು ಇಳಿದಿಲ್ಲ," ಎಂದರು ಮಹೇಶ.

ಬುಧವಾರ ಬೆಳಗ್ಗೆ ಏಳು ಗಂಟೆಗೆ ನಾನು ಅಲ್ಲಿದ್ದೆ. ಜಿಟಿಜಿಟಿ ಮಳೆ. ಚನ್ನಬಸಪ್ಪನವರು ಬಲಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದರು. ತುಟಿ ಒಡೆದಿತ್ತು. ಎದುರಿನ ಮಣೆಯ ಮೇಲೆ ಬಟ್ಟೆ ಹಾಸಿ ಕರಡಿಗೆ ಇಟ್ಟಿದ್ದರು.

"ಕಳಕೊಂಡೀನಿ," ಎಂದರು ನನ್ನನ್ನು ನೋಡಿ. ಎರಡು ದಿನದಲ್ಲಿ ಅವರಾಡಿದ ಮೊದಲ ಮಾತು.

"ಇಲ್ಲೇ ಐತಲ್ರೀ," ಎಂದರು ನೀಲವ್ವ.

"ಅದು ನಂದಲ್ಲ. ನಂದು ನನ್ನ ಮೈಮ್ಯಾಲ ಇತ್ತು."

ಮಹೇಶ ನನ್ನನ್ನು ಪಕ್ಕಕ್ಕೆ ಕರೆದು, ಲಿಂಗ ಕಳೆದುಕೊಂಡವರು ನೀರು ಮುಟ್ಟುವುದಿಲ್ಲ ಎಂದು ಹಿಂದೆ ಅವರಲ್ಲಿ ದೊಡ್ಡವರು ಹೇಳುತ್ತಿದ್ದುದನ್ನು ಮೆಲ್ಲಗೆ ಹೇಳಿದರು. ಆ ಗಳಿಗೆಯಲ್ಲಿ ನಾನು ಏನು ಮಾಡಿದ್ದೇನೆ ಎಂಬುದು ನನಗೆ ತಿಳಿಯಿತು. ಸ್ಕೂಟರಿನ ಕೀಲಿಯನ್ನೂ ಈ ಮನುಷ್ಯನ ಎಪ್ಪತ್ತು ವರ್ಷದ ಜೊತೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೆ. ಮಹೇಶರ ಕೈಯಲ್ಲಿ ಕಾರಿನ ಕೀಲಿ ಇತ್ತು. ಇನ್ನು ತಡ ಮಾಡಬಾರದು, ಆಸ್ಪತ್ರೆಗೆ ಹೊರಡೋಣ ಎಂದೆ. ಅಲ್ಲಿ ನಳಿಗೆ ಹಾಕುತ್ತಾರೆ ಎಂಬುದು ಮೂವರಿಗೂ ಗೊತ್ತಿತ್ತು.

"ಅರ್ಧ ತಾಸು ಕೊಡ್ರಿ," ಎಂದರು ನೀಲವ್ವ.

ಅವರು ಆಗಲೇ ಸ್ನಾನ ಮುಗಿಸಿದ್ದರು. ಇನ್ನೊಂದು ಮಣೆ ತಂದು ಕರಡಿಗೆಯಿದ್ದ ಮಣೆಗೆ ಎದುರಾಗಿ ಹಾಕಿ ಕೂತರು. ಕರಡಿಗೆಯನ್ನು ಬಟ್ಟೆಸಮೇತ ಮೆಲ್ಲಗೆ ನೆಲಕ್ಕೆ ಸರಿಸಿ, ಗಂಡನ ಮಣೆಯನ್ನು ತೆರವು ಮಾಡಿದರು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ಹಣೆಗೆ, ತೋಳಿಗೆ ಮೂರು ಬೆರಳಿನಲ್ಲಿ ಎಳೆದುಕೊಂಡರು. ಆ ವಾಸನೆ ಕೋಣೆ ತುಂಬಿತು. ಸೆರಗಿನ ಮರೆಯಿಂದ ತಮ್ಮ ಕರಡಿಗೆ ತೆಗೆದು ಬಿಚ್ಚಿ, ತಮ್ಮ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಗಂಡನನ್ನು ಕರೆಯಲಿಲ್ಲ. ಬನ್ನಿ ಎನ್ನಲಿಲ್ಲ. ತಮ್ಮ ಪಾಡಿಗೆ ತಾವು ಪೂಜೆ ಶುರು ಮಾಡಿದರು.

ಮಂಚದ ಮೇಲಿದ್ದವರು ನೋಡುತ್ತ ಕೂತರು. ಐದು ನಿಮಿಷ ಆಗಿರಬಹುದು, ಹತ್ತೂ ಆಗಿರಬಹುದು. ಆಮೇಲೆ ಮೊಳಕಾಲಿಗೆ ಕೈ ಊರಿ ಇಳಿದು ಬಂದು ಎದುರಿನ ಮಣೆಯ ಮೇಲೆ ಕೂತರು. ನೀಲವ್ವನ ಬೆರಳು ಮತ್ತೆ ವಿಭೂತಿಗೆ ಹೋದಂತೆ ಇವರ ಬೆರಳೂ ಹೋಯಿತು. ಅವರು ಹಣೆ ಮುಟ್ಟಿದರೆ ಇವರೂ ಮುಟ್ಟಿದರು. ನೀಲವ್ವ ಹಿಂಗೈಯಿಂದ ಕರಡಿಗೆಯನ್ನು ಒಂದಿಷ್ಟು ಮುಂದೆ ಸರಿಸಿದರು, ಅಷ್ಟೇ. ಅದನ್ನು ಬಿಚ್ಚಿದ್ದು ಚನ್ನಬಸಪ್ಪನವರದೇ ಬೆರಳು. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಗ್ಗಿ ನೋಡಿದರು.

"ಎಲ್ಲಿ ಹೋಗಿದ್ದಿಪಾ?" ಎಂದು ಕೇಳಿದರು.

ಮಹೇಶ ಹೊರಗೆ ಹೋಗಿಬಿಟ್ಟರು. ಚನ್ನಬಸಪ್ಪನವರು ಗಿಂಡಿಯಿಂದ ಲಿಂಗಕ್ಕೆ ನೀರೆರೆದು, ಅದನ್ನೇ ತೀರ್ಥವೆಂದು ಬಾಯಿಗೆ ಹಾಕಿಕೊಂಡರು. ಮತ್ತೊಮ್ಮೆ, ಮಗದೊಮ್ಮೆ. ಆ ನೀರು ಗಂಟಲಿಗೆ ಇಳಿಯುವುದನ್ನು ನಾನು ಗೋಡೆಗೆ ಒರಗಿ ನೋಡಿದೆ. ಪೂಜೆಯಾದ ಮೇಲೆ ಅವರು ಒಂದು ಬಟ್ಟಲು ಗಂಜಿ ಕುಡಿದರು, ಆಮೇಲೆ ಒಂದು ಲೋಟ ಮಜ್ಜಿಗೆ. ಕಾರಿನ ಕೀಲಿ ಮೊಳೆಗೆ ಹೋಯಿತು.

ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ಹಿಂದಿನಿಂದ ನೀಲವ್ವ ಚಹಾ ತಂದರು.

"ತಪ್ಪಾಯ್ತಮ್ಮಾ."

"ಕುಡಿ ತಂಗಿ, ಆರತೈತಿ." ಆ ದಿನದಿಂದ ನಾನು ಅಕ್ಕಾರ ಹೋಗಿ ತಂಗಿಯಾದೆ, ನೀವು ಹೋಗಿ ನೀ ಆದೆ. "ನಿನಗ ಗೊತ್ತಿರಲಿಲ್ಲ, ಹೇಳಿದಿ. ನನಗ ಗೊತ್ತಿತ್ತು, ಸುಮ್ಮನಿದ್ದೆ. ಹಂಗ ನೋಡಿದ್ರ ನಂದ ದೊಡ್ಡ ತಪ್ಪು. ಕಲ್ತವರು ಹೇಳ್ಯಾರಂತ ನನ್ನ ಬುದ್ಧಿ ಕಪಾಟಿನಾಗ ಇಟ್ಟಿದ್ದೆ ನೋಡು."

ಆಮೇಲಿನದೆಲ್ಲ ನೀಲವ್ವನ ಯೋಜನೆ. ಪೂಜೆ ಆಗಿಲ್ಲ ಎನ್ನುತ್ತಾರಲ್ಲ, ಆಗಿದೆ ಎಂದು ವಾದ ಯಾಕೆ, ಮಾಡಿಬಿಟ್ಟರೆ ಆಯಿತು. "ಹಿಂದಿನ ಮಂದಿ ಮೂರು ಹೊತ್ತು ಮಾಡತಿದ್ರು. ಅವರಿಗೇನು ಮರವಿತ್ತ?" ಎಂದರು. ಹಾಗಾದರೆ ಮೂರು ಸ್ನಾನ? ಅದಕ್ಕೂ ಅವರಲ್ಲಿ ದಾರಿಯಿತ್ತು. ಅವರ ಅತ್ತೆಗೆ ಮೈಸುಡುವ ಜ್ವರ ಬಂದಿದ್ದಾಗ ನೀರು ಮುಟ್ಟದೆ ಮೈಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದರಂತೆ, ಅದನ್ನು ಭಸ್ಮಸ್ನಾನ ಎನ್ನುತ್ತಿದ್ದರಂತೆ. ಚನ್ನಬಸಪ್ಪನವರಿಗೆ "ಭಸ್ಮಸ್ನಾನ ಮಾಡೂಣ್ರಿ" ಎಂದರೆ ತಕರಾರಿಲ್ಲದೆ ಒಪ್ಪಿದರು. ಸಲಹೆಗಾರ್ತಿಯಾಗಿ ನಾನು ಕೊಟ್ಟದ್ದು ಜಾರದ ಒಂದು ಬಚ್ಚಲ ಚಾಪೆ, ಅಡುಗೆ ಬಿಸಿಯಿರುವಾಗಲೇ ಮಣೆ ಹಾಕಿ ಎಂಬ ಒಂದು ಮಾತು.

ಒಬ್ಬರೇ ಕೂತಾಗ ಒಂದೂವರೆ ತಾಸು ಹಿಡಿಯುತ್ತಿದ್ದ ಪೂಜೆ, ಎದುರಿಗೆ ನೀಲವ್ವ ಕೂತರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಮುಂದೇನು ಎಂದು ಅವರು ನೆನಪು ಮಾಡಿಕೊಳ್ಳಬೇಕಾಗಿರಲಿಲ್ಲ. ಹೆಂಡತಿಯ ಕೈ ನೋಡಿದರೆ ಸಾಕಾಗಿತ್ತು. ಪೂಜೆಯಾದ ಕೂಡಲೇ ಅದೇ ಮಣೆಗಳ ಮುಂದೆ ಎರಡು ತಾಟು. ಐವತ್ತು ವರ್ಷದ ಸಂಸಾರದಲ್ಲಿ ಗಂಡನ ಎದುರಿಗೆ ಕೂತು ಬಿಸಿ ರೊಟ್ಟಿ ತಿಂದದ್ದು ಇದೇ ಮೊದಲು ಎಂದು ನೀಲವ್ವ ಒಂದು ದಿನ ನನಗೆ ಹೇಳಿದರು, ನಾಚಿಕೊಂಡು.

ಗಣೇಶನ ಹಬ್ಬ ಕಳೆದ ಮೇಲೆ ಡಾಕ್ಟರ ಬಳಿ ಹೋದೆವು. ತೂಕ ಒಂದು ಕಿಲೋಗೆ ತುಸು ಕಡಿಮೆ ಏರಿತ್ತು. ಡಾಕ್ಟರು ಇನ್ನೊಂದು ಸಲ ಯಂತ್ರದ ಮೇಲೆ ನಿಲ್ಲಿಸಿ ನೋಡಿದರು. "ಏನು ಮಾಡಿದ್ರಿ?" ಎಂದು ಕೇಳಿದರು. "ಪೂಜಿ ಮಾಡಿದ್ವಿ ರೀ," ಎಂದರು ನೀಲವ್ವ. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. "ಅದನ್ನೇ ಮುಂದುವರಿಸಿ," ಎಂದು ಚೀಟಿ ಮಡಚಿಕೊಟ್ಟರು. ನಳಿಗೆಯ ಮಾತು ಮತ್ತೆ ಬರಲಿಲ್ಲ.

ಆ ಮಳೆಗಾಲ ಹಾಗೇ ಉಳಿದುಬಿಡಬಾರದಿತ್ತೇ ಎಂದು ಈಗಲೂ ಅನಿಸುತ್ತದೆ. ಭಾದ್ರಪದದ ಮಳೆ ಮಧ್ಯಾಹ್ನಕ್ಕೆ ಸರಿಯಾಗಿ ಬರುತ್ತಿತ್ತು. ಆರ್‌ಪಿಸಿ ಲೇಔಟಿನ ಆ ಅಡ್ಡರಸ್ತೆಯ ಹೊಂಗೆ ಮರಗಳ ಕೆಳಗೆ ಸ್ಕೂಟರು ನಿಲ್ಲಿಸಿ ಓಡುತ್ತಿದ್ದೆ. ನನ್ನ ವೇಳಾಪಟ್ಟಿಯಲ್ಲಿ ಆ ಮನೆಗೆ ತಿಂಗಳಿಗೆ ಎರಡು ಭೇಟಿ. ನಾನು ವಾರಕ್ಕೆರಡು ಸಲ, ಅದೂ ಹನ್ನೆರಡೂವರೆಗೇ ಸರಿಯಾಗಿ ಹೋಗುತ್ತಿದ್ದೆ. ಆಫೀಸಿನ ಮೇಡಂ ಕೇಳಿದರೆ 'ಪ್ರಗತಿ ಪರಿಶೀಲನೆ' ಎನ್ನುತ್ತಿದ್ದೆ. ಪರಿಶೀಲಿಸುತ್ತಿದ್ದದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು. ಪೂಜೆ ನಡೆಯುವಾಗ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಮುಗಿದ ಮೇಲೆ ನೀಲವ್ವ ನನ್ನ ಹಣೆಗೂ ಒಂದು ಗೆರೆ ವಿಭೂತಿ ಎಳೆದು ತಾಟು ಇಡುತ್ತಿದ್ದರು.

ಚನ್ನಬಸಪ್ಪನವರು ಪ್ರತಿ ಸಲವೂ ನನ್ನನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದರು.

"ಯಾವೂರ್ರಿ ನಿಮ್ಮದು?"

"ಮಾರೇನಹಳ್ಳಿ ಸಾರ್. ಇಲ್ಲೇ."

"ಹೊಲ ಐತನು?"

"ಇತ್ತು ಸಾರ್."

"ಎಷ್ಟು ಎಕರೆ?"

ಎರಡು ಎಕರೆ ಇತ್ತು, ಅಪ್ಪನ ಕಾಲಕ್ಕೇ ಸೈಟುಗಳಾಗಿ ಹೋಗಿತ್ತು. ಮೊದಮೊದಲು ಎರಡು ಎಂದೇ ಹೇಳುತ್ತಿದ್ದೆ. ಹೇಗೂ ಮರೆಯುತ್ತಾರಲ್ಲ ಎಂದು ಆಮೇಲೆ ಏರಿಸುತ್ತ ಹೋದೆ. ಐದು ಎಕರೆ ಆಯಿತು, ಹತ್ತಾಯಿತು. ಎಷ್ಟೇ ಹೇಳಿದರೂ ಗಂಭೀರವಾಗಿ ತಲೆಯಾಡಿಸಿ, "ಛಲೋ, ಬಾಂದಿನ ಕಲ್ಲು ಹುಷಾರಿ ನೋಡ್ಕೋರಿ," ಎನ್ನುತ್ತಿದ್ದರು. ಒಂದು ದಿನ ನಾನು ಕೊಬ್ಬಿ "ಇಪ್ಪತ್ತೈದು ಎಕರೆ ಸಾರ್" ಎಂದೆ. ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿ, "ಹೋದ ಸಲ ಎರಡು ಎಕರೆ ಅಂದಿದ್ರಿ," ಎಂದರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನೀಲವ್ವ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದರು. ಯಾಕೆ ನಗುತ್ತಿದ್ದೇವೆ ಎಂದು ತಿಳಿಯದಿದ್ದರೂ ಚನ್ನಬಸಪ್ಪನವರೂ ನಕ್ಕರು. ಹೊರಗೆ ಮಳೆ, ಒಳಗೆ ನಾವು ಮೂವರು. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಮಧ್ಯಾಹ್ನ ಬಂದಿಲ್ಲ ಎಂದರೆ ನನ್ನ ಗಂಡನಿಗೆ ಬೇಜಾರಾಗುತ್ತದೆ, ಆದರೂ ಬರೆಯುತ್ತೇನೆ.

ಕಾರ್ತಿಕದ ಕೊನೆಗೆ ನನ್ನನ್ನು ಕೆಂಗೇರಿ ಕಡೆಗೆ ಹಾಕಿದರು. ವರ್ಷದ ನಂತರ ಹೊಸಬರಿಗೆ ತರಬೇತಿ ಕೊಡುವ ಕೆಲಸ ಬಂತು. ಕೂತು ಮಾಡುವ ಕೆಲಸ. ಮೊದಲು ತಿಂಗಳಿಗೊಮ್ಮೆ ನೀಲವ್ವನಿಗೆ ಫೋನ್ ಮಾಡುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ನಾಳೆ ಮಾಡೋಣ ಎಂದುಕೊಳ್ಳುವುದಷ್ಟೇ ಉಳಿಯಿತು. ತರಬೇತಿಯಲ್ಲಿ ಮಾತ್ರ ಹೆಸರು ಹೇಳದೆ ಅವರ ಕಥೆಯನ್ನು ಪ್ರತಿ ತಂಡಕ್ಕೂ ಹೇಳುತ್ತಿದ್ದೆ. ಕಥೆ ಹೇಳುವುದಕ್ಕೆ ಪುರುಸೊತ್ತಿತ್ತು, ಹೋಗುವುದಕ್ಕೆ ಇರಲಿಲ್ಲ.

ಈ ಸಲದ ಶಿವರಾತ್ರಿ ಕಳೆದು ಕೆಲವು ದಿನಕ್ಕೆ ಮಹೇಶರಿಂದ ಸಂದೇಶ ಬಂತು. ಅಪ್ಪಾಜಿ ಲಿಂಗೈಕ್ಯರಾದರು ಎಂದು. ತರಬೇತಿ ನಡೆಯುತ್ತಿತ್ತು. ಮೇಜಿನ ಕೆಳಗೆ ಫೋನ್ ಹಿಡಿದು ಕೈಮುಗಿದ ಚಿತ್ರವೊಂದನ್ನು ಒತ್ತಿ ಕಳಿಸಿದೆ. ಭಾನುವಾರ ಹೋಗಿ ಮಾತಾಡಿಸಿಕೊಂಡು ಬರೋಣ ಎಂದುಕೊಂಡೆ. ಎಷ್ಟೋ ಭಾನುವಾರಗಳು ಬಂದವು. ಮರೆವಿನ ಬಗ್ಗೆ ಊರಿಗೆಲ್ಲ ಸಲಹೆ ಕೊಡುವವಳು ನಾನು.

ಅದಕ್ಕೇ ಹೋದ ವಾರ ಆ ವಿಭೂತಿ ಗಟ್ಟಿ ಕೊಂಡದ್ದು. ಅಂಗಡಿಯ ಮುಂದಿನಿಂದಲೇ ಮಹೇಶರಿಗೆ ಫೋನ್ ಮಾಡಿದೆ. ಅವರು ಬೇಸರ ತೋರಿಸಲಿಲ್ಲ. ಆದರೆ ಧ್ವನಿ ತಗ್ಗಿಸಿ, "ಮೇಡಂ, ಈಗ ಅವ್ವ ಊಟ ಬಿಟ್ಟಿದ್ದಾರೆ," ಎಂದರು. "ಬೆಳಗ್ಗೆ, ರಾತ್ರಿ ನಾವಿರ್ತೀವಿ, ಏನೋ ಒಂಚೂರು ತಿಂತಾರೆ. ಮಧ್ಯಾಹ್ನ ನಾನೂ ನನ್ನ ಹೆಂಡ್ತೀನೂ ಅಂಗಡೀಲಿ. ಸಂಜೆ ಬಂದು ನೋಡಿದ್ರೆ ರೊಟ್ಟಿ ಹಾಗೇ ಇರುತ್ತೆ. ನೆನಪು ಚೆನ್ನಾಗಿದೆ, ಡಾಕ್ಟ್ರು ನೋಡಿದಾರೆ. ಕೇಳಿದ್ರೆ ಹಸಿವಿಲ್ಲ ಅಂತಾರೆ. ಅಪ್ಪಾಜಿ ಥರಾನೇ ಸಣ್ಣ ಆಗ್ತಾ ಇದಾರೆ."

ಹನ್ನೆರಡೂವರೆ ಆಗಿತ್ತು. ನಡೆದುಕೊಂಡೇ ಹೋದೆ.

ನೀಲವ್ವ ಬಾಗಿಲು ತೆಗೆದು ನನ್ನನ್ನು ನೋಡಿದರು. ಕೊರಳಿನ ಕರಡಿಗೆಯ ದಾರ ಎಲುಬಿನ ಮೇಲೆ ಕೂತಿತ್ತು. ಬೈಯಲಿ ಎಂದುಕೊಂಡೆ. "ಬಾ ತಂಗಿ, ತೊಯ್ಸಿಕೊಂಡೀ," ಎಂದು ಟವೆಲ್ ಕೊಟ್ಟರು. ಅವರು ಹೋದಾಗಲೂ ನಾನು ಬರಲಿಲ್ಲ ಎಂದು ಹೇಳಲು ಬಾಯಿ ತೆರೆದರೆ, ಅವರೇ ಹೇಳಿದರು: "ನೀ ಕಪಾಟಿನಾಗ ಇಡಿಸಿದ್ದಿ ನೋಡು, ಅದನ್ನ ಅವರ ಎಡಗೈಯಾಗ ಕೊಟ್ಟ ಮಣ್ಣು ಮಾಡಿದ್ವಿ. ಕಡೀತನಕಾ ಕೈ ಕಟ್ಟಲಿಲ್ಲ." ಅದರಲ್ಲಿ ಚುಚ್ಚು ಇರಲಿಲ್ಲ. ನೆಮ್ಮದಿಯಿತ್ತು.

ಒಳಗೆ ಅದೇ ಜಾಗದಲ್ಲಿ ಎರಡು ಮಣೆ ಹಾಕಿತ್ತು, ಎದುರು ಬದುರು.

ನಾನು ನೋಡಿದ್ದನ್ನು ಅವರು ನೋಡಿದರು. "ಎರಡು ಹಾಕದಿದ್ರ ಕೈ ಓಡಂಗಿಲ್ಲ. ಪೂಜಿ ಮುಗೀತದ. ಆಮ್ಯಾಲ ಎದುರಿಗೆ ನೋಡಿದ್ರ ತುತ್ತು ಇಳಿಯಂಗಿಲ್ಲವಾ. ಮರವು ಅವರಿಗಿತ್ತು, ರೂಢಿ ನನಗ ಬಿತ್ತು."

ಚೀಲದಿಂದ ವಿಭೂತಿ ಗಟ್ಟಿ ತೆಗೆದು ಅವರ ಮುಂದಿಟ್ಟೆ. "ನಾನು ಕೂತ್ಕೊಳ್ಳಲಾ ಅಮ್ಮ?" ಎಂದು ಕೇಳಿದೆ. "ನನ್ನ ಹತ್ರ ಲಿಂಗ ಇಲ್ಲ."

"ಇಲ್ಲಂದ್ರ ಏನಾತು. ಸುಮ್ನ ಕುಂದರು," ಎಂದರು.

ಕೂತೆ. ನಾನು ತಂದ ಗಟ್ಟಿಯನ್ನೇ ಅವರು ನೀರಿಗೆ ತೇಯ್ದರು. ಅವರ ಕೈ ಹೋದ ಕಡೆಗೆಲ್ಲ ನನ್ನ ಕಣ್ಣು ಹೋಯಿತು. ಇಷ್ಟು ದಿನ ಬಾಗಿಲ ಬಳಿಯ ಕುರ್ಚಿಯಿಂದ ನೋಡಿದ್ದೆ. ಎದುರಿನ ಮಣೆಯಿಂದ ನೋಡಿದರೆ ಆ ಮುಖ ಬೇರೆಯಾಗಿತ್ತು. ಚನ್ನಬಸಪ್ಪನವರು ದಿನಕ್ಕೆ ಮೂರು ಸಲ ನೋಡುತ್ತಿದ್ದ ಮುಖ. ಪೂಜೆ ಮುಗಿದ ಮೇಲೆ ನನ್ನ ಹಣೆಗೆ ಒಂದು ಗೆರೆ ಎಳೆದರು, ಎದ್ದು ಎರಡು ತಾಟು ತಂದಿಟ್ಟರು. ರೊಟ್ಟಿ, ಎಣ್ಣೆಗಾಯಿ, ಮೊಸರು. ಅವರು ತಾಟಿನ ಮುಂದೆ ಸುಮ್ಮನೆ ಕೂತರು. ನಾನೂ ತಿನ್ನಲಿಲ್ಲ. ಮಳೆ ಮತ್ತೆ ಹಿಡಿಯಿತು. ಬಹಳ ಹೊತ್ತಿನ ಮೇಲೆ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ಇನ್ನೊಂದು.

ಒಂದು ರೊಟ್ಟಿ ಮುಗಿಯುವ ಹೊತ್ತಿಗೆ ತಲೆ ಎತ್ತಿ ಕೇಳಿದರು: "ಮಾರೇನಹಳ್ಳ್ಯಾಗ ಹೊಲ ಈಗ ಎಷ್ಟು ಎಕರೆ ಆಗೈತಿ?"

ನಾನೂ ರೊಟ್ಟಿ ಮುರಿಯುತ್ತ ಹೇಳಿದೆ. "ನೂರು."

ನೀಲವ್ವ ಕೈ ನಿಲ್ಲಿಸಿದರು. ಇಲ್ಲದ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಹೋದ ಸಲ ಎರಡು ಎಕರೆ ಅಂದಿದ್ರಿ," ಎಂದರು, ಥೇಟು ಚನ್ನಬಸಪ್ಪನವರದೇ ದನಿಯಲ್ಲಿ. ಮತ್ತೆ ಬುಟ್ಟಿಗೆ ಕೈ ಹಾಕಿ ಎರಡನೆಯ ರೊಟ್ಟಿ ತೆಗೆದುಕೊಂಡರು.